ಹದ ಕಾಯುವ ಪೊರೆ

ಕುರಿಚರ್ಮದ ಕೋಟು ತೊಟ್ಟ ಹಂದಿಯೊಂದು ವಿಜ್ಞಾನದ ಚರಿತ್ರೆಯ ಮೂಲೆಯಲ್ಲಿ ಸದ್ದಿಲ್ಲದೆ ನಿಂತಿದೆ. ಡೆನ್ಮಾರ್ಕಿನ ಹೆನ್ರಿಕ್ಸ್ ಮತ್ತು ಹ್ಯಾನ್ಸನ್ ಎಂಬಿಬ್ಬರು 1901ರಲ್ಲಿ ಪ್ರಕಟಿಸಿದ ಪ್ರಯೋಗದ ಹಂದಿ ಅದು. ಒಂದೇ ಸೂಲಿನ ಮೂರು ಮರಿಗಳನ್ನು ಅವರು ಆರಿಸಿಕೊಂಡರು. ಒಂದನ್ನು 30ರಿಂದ 35 ಡಿಗ್ರಿ ಸೆಲ್ಸಿಯಸ್ಸಿನ ಬೆಚ್ಚನೆಯ ಜಾಗದಲ್ಲಿ ಬೆಳೆಸಿದರು, ಇನ್ನೊಂದನ್ನು ನೀರು ಹೆಪ್ಪುಗಟ್ಟುವಂಥ ಚಳಿಯಲ್ಲಿ. ಮೂರನೆಯದನ್ನೂ ಅದೇ ಚಳಿಗೆ ಬಿಟ್ಟರು, ಆದರೆ ಮೈಗೆ ಕೋಟು ಹಾಕಿ. ಕೊನೆಗೆ ಮೂರರ ಬೆನ್ನಿನ ಕೊಬ್ಬನ್ನೂ ಪರೀಕ್ಷಿಸಿದರೆ, ಬರಿಮೈಯಲ್ಲಿ ಚಳಿ ಉಂಡ ಹಂದಿಯ ಕೊಬ್ಬು ಎಲ್ಲಕ್ಕಿಂತ ಮೆತ್ತಗಿತ್ತು. ಕೋಟಿನ ಹಂದಿಗೆ ಆ ಮೆತ್ತನೆಯ ಕೊಬ್ಬು ಬಂದಿರಲಿಲ್ಲ.

ಚಳಿಗೆ ಕೊಬ್ಬು ಗಟ್ಟಿಯಾಗಬೇಕು ಎನ್ನುವುದು ನಮ್ಮೆಲ್ಲರ ಅನುಭವ. ಆ ಅನುಭವ ಡಬ್ಬಿಯಲ್ಲಿಟ್ಟ ಕೊಬ್ಬಿನದು. ಮಲೆನಾಡಿನ ಅಜ್ಜಿಯ ಮನೆಯಲ್ಲಿ ಚಳಿ ಶುರುವಾಯಿತೆಂದರೆ ಕೊಬ್ಬರಿ ಎಣ್ಣೆಯ ಬಾಟಲಿ ಬಚ್ಚಲೊಲೆಯ ಕಟ್ಟೆಗೆ ವಾಸ್ತವ್ಯ ಬದಲಿಸುತ್ತಿತ್ತು. ಶಾಲೆಗೆ ಹೊತ್ತಾಗುತ್ತಿದೆ, ತಲೆಗೆ ಎಣ್ಣೆ ಬೇಕು, ಎಣ್ಣೆಯೋ ಸುಣ್ಣದ ಉಂಡೆಯ ಹಾಗೆ ಬೆಳ್ಳಗೆ ಕೂತುಬಿಟ್ಟಿದೆ. ಬಾಟಲಿಯ ಕುತ್ತಿಗೆಗೆ ಕಡ್ಡಿ ಹಾಕಿ ತಿವಿದದ್ದೇ ತಿವಿದದ್ದು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಬೆಳಗು ಆ ಗಡಿಗಿಂತ ಬಹಳ ಕೆಳಗಿರುತ್ತದೆ. ಮಂಗಳೂರಿನವರಿಗೆ ಈ ತಾಪತ್ರಯ ಅಷ್ಟಿಲ್ಲ. ತಮಾಷೆಯೆಂದರೆ ಅದೇ ಚಳಿಯಲ್ಲಿ, ಅದೇ ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ತನಗೇನೂ ಆಗಿಲ್ಲವೆಂಬಂತೆ ಹರಿಯುತ್ತಲೇ ಇರುತ್ತದೆ.

ಈ ವ್ಯತ್ಯಾಸದ ಗುಟ್ಟು ಸೌದೆ ಒಟ್ಟಿದವರಿಗೆ ಥಟ್ಟನೆ ಹೊಳೆಯುತ್ತದೆ. ಸರ್ವೆಮರದ ನೆಟ್ಟನೆಯ ಕಂಬಗಳನ್ನು ಒಟ್ಟಿದರೆ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ, ಅಟ್ಟಿ ಬಿಗಿಯಾಗಿರುತ್ತದೆ. ಸೊಟ್ಟಪಟ್ಟ ಕೊಂಬೆಗಳನ್ನು ಎಷ್ಟು ಜೋಡಿಸಿದರೂ ನಡುವೆ ಸಂದು ಉಳಿದೇ ಉಳಿಯುತ್ತದೆ, ಅಟ್ಟಿ ಅಲುಗಾಡುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ, ಕೊಬ್ಬು ಎಲ್ಲದರಲ್ಲೂ ಇರುವುದು ಇಂಗಾಲದ ಪರಮಾಣುಗಳು ಸಾಲಾಗಿ ಕೈಹಿಡಿದು ನಿಂತ ಸರಪಳಿಗಳು, ಕೊಬ್ಬಿನಾಮ್ಲಗಳು. 18 ಇಂಗಾಲಗಳ ನೆಟ್ಟನೆಯ ಸರಪಳಿಯ ಹೆಸರು ಸ್ಟಿಯರಿಕ್ ಆಮ್ಲ. ಅದು ಕರಗಲು 69 ಡಿಗ್ರಿ ಬೇಕು. ಅದರ ಮಧ್ಯದಲ್ಲಿ ಎರಡು ಜಲಜನಕಗಳನ್ನು ಕಿತ್ತು ಒಂದು ದ್ವಿಬಂಧ ಹಾಕಿದರೆ ಸರಪಳಿ ಮೊಣಕೈಯಂತೆ ಬಾಗುತ್ತದೆ. ಈಗ ಅದು ಓಲೀಕ್ ಆಮ್ಲ, ಕರಗುವುದು 13 ಡಿಗ್ರಿಯಲ್ಲಿ. ಉದ್ದ ಅಷ್ಟೇ, ತೂಕ ಹೆಚ್ಚುಕಡಿಮೆ ಅಷ್ಟೇ. ಒಂದೇ ಒಂದು ಬಾಗು 56 ಡಿಗ್ರಿಯನ್ನು ನುಂಗಿಹಾಕಿತು. ಇನ್ನೊಂದು ಬಾಗು ಸೇರಿಸಿ, ಲಿನೊಲಿಯಿಕ್ ಆಮ್ಲವಾಗುತ್ತದೆ. ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವ. ಮೊದಲನೆಯದನ್ನು ಪಾಠಪುಸ್ತಕಗಳು ಪರ್ಯಾಪ್ತ ಎನ್ನುತ್ತವೆ, ಬಾಗಿದವನ್ನು ಅಪರ್ಯಾಪ್ತ. ನನಗೆ ನೆಟ್ಟನೆ, ಸೊಟ್ಟ ಎಂಬ ಮಾತುಗಳೇ ಹೆಚ್ಚು ಹೇಳುತ್ತವೆ.

ಕೊಬ್ಬರಿ ಎಣ್ಣೆಯ ಸರಪಳಿಗಳಲ್ಲಿ ಹತ್ತಕ್ಕೆ ಒಂಬತ್ತು ನೆಟ್ಟನೆಯವೇ. ಹಾಗಿದ್ದರೆ ಅದು ಮೇಣದಂತೆ ಸದಾ ಗಟ್ಟಿಯಾಗಿರಬೇಕಿತ್ತಲ್ಲ? ಅದನ್ನು ಉಳಿಸಿದ್ದು ಮೋಟುತನ. ಅದರ ಸರಪಳಿಗಳಲ್ಲಿ ಅರ್ಧದಷ್ಟಕ್ಕೆ ಇರುವುದು 12 ಇಂಗಾಲ ಮಾತ್ರ. ಗಿಡ್ಡ ಸೌದೆಗೆ ಪಕ್ಕದ ಸೌದೆಯ ಮೇಲೆ ಹಿಡಿತ ಕಡಿಮೆ. ಅಂದರೆ ಉದ್ದವೊಂದು, ಬಾಗು ಇನ್ನೊಂದು. ಕೊಬ್ಬಿನ ಗಟ್ಟಿ-ಮೆತ್ತಗೆಗೆ ಈ ಎರಡು ತಿರುಪುಗಳು. ಡೆನ್ಮಾರ್ಕಿನವರು ಅಳೆದದ್ದೂ ಈ ಬಾಗುಗಳನ್ನೇ. ದ್ವಿಬಂಧ ಅಯೋಡಿನ್ನನ್ನು ಹೀರುತ್ತದೆ. ಕೊಬ್ಬು ಎಷ್ಟು ಅಯೋಡಿನ್ ಕುಡಿಯಿತು ಎಂದು ನೋಡಿದರೆ ಅದರಲ್ಲಿ ಎಷ್ಟು ಸೊಟ್ಟ ಎಂಬುದು ಗೊತ್ತಾಗುತ್ತದೆ.

ಇಲ್ಲೊಂದು ಅಡ್ಡಮಾತು. ಸಸ್ಯದ ಎಣ್ಣೆಗೆ ಜಲಜನಕ ತುಂಬಿ ವನಸ್ಪತಿ ಮಾಡುವಾಗ ಎಲ್ಲ ಬಾಗುಗಳೂ ನೆಟ್ಟಗಾಗುವುದಿಲ್ಲ. ಕೆಲವು ಕಡೆ ದ್ವಿಬಂಧ ಉಳಿದೇ ಮಗ್ಗುಲು ಬದಲಿಸಿಬಿಡುತ್ತದೆ. ಇದೇ ಟ್ರಾನ್ಸ್ ಕೊಬ್ಬು. ಪರಮಾಣುಗಳ ಲೆಕ್ಕದಲ್ಲಿ ಓಲೀಕ್ ಆಮ್ಲವೇ, ಆದರೆ ಆಕಾರದಲ್ಲಿ ನೆಟ್ಟನೆಯದರ ತಮ್ಮ. ಕರಗುವುದು ಸುಮಾರು 45 ಡಿಗ್ರಿಯಲ್ಲಿ. ಡಬ್ಬಿಯಲ್ಲಿ ತುಪ್ಪದಂತೆ ಮರಳು ಮರಳಾಗಿ ಕೂರುವ ಅದರ ಚೆಲುವು ಬಂದದ್ದು ಹೀಗೆ. ಅದು ಹೃದಯಕ್ಕೆ ಒಗ್ಗದೆಂದು ತಿಳಿದ ಮೇಲೆ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿ ಶೇ 2ಕ್ಕೆ ಇಳಿದಿದೆ.

ಇನ್ನು ಜೀವಕೋಶಕ್ಕೆ ಬರೋಣ. ಹಂದಿಯ ಬೆನ್ನಿನ ಕೊಬ್ಬು ಶೇಖರಣೆಯ ಮಾಲು, ಉಗ್ರಾಣದ ಸರಕು. ಇದೇ ಸರಪಳಿಗಳಿಗೆ ಇನ್ನೊಂದು, ಇದಕ್ಕಿಂತ ಹಳೆಯ ಕಸುಬಿದೆ: ಕೋಶದ ಸುತ್ತ ಪೊರೆಯಾಗಿ ನಿಲ್ಲುವುದು. ಪೊರೆ ಎಂಬುದೊಂದು ಸೊಗಸಾದ ಮಾತು. ಹಾವು ಕಳಚುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಪೊರೆಯುವುದು ಎಂದರೆ ಕಾಪಾಡುವುದು, ಸಾಕುವುದು. ಜೀವಶಾಸ್ತ್ರಕ್ಕೆ ಪದ ಹುಡುಕಿದವರಿಗೆ ಇದು ಕೈಗೆ ಸಿಕ್ಕದ್ದು ಅದೃಷ್ಟ.

ಪೊರೆಯ ಲಿಪಿಡ್ ಅಣುವಿಗೆ ನೀರನ್ನು ಇಷ್ಟಪಡುವ ಒಂದು ತಲೆ, ನೀರೆಂದರಾಗದ ಎರಡು ಬಾಲ. ಬಾಲಗಳೇ ನಮ್ಮ ಕೊಬ್ಬಿನಾಮ್ಲದ ಸರಪಳಿಗಳು. ಇಂಥ ಅಣುಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದೆ ಎರಡು ಸಾಲಾಗಿ ನಿಲ್ಲುತ್ತವೆ, ತಲೆಗಳು ಹೊರಗೆ, ಬಾಲಗಳು ಒಳಗೆ. ಇದು ಎರಡು ಸಾಲು ಎಂದು ಗೊತ್ತಾದ ಬಗೆ ವಿಚಿತ್ರ. 1925ರಲ್ಲಿ ನೆದರ್ಲೆಂಡಿನ ಲೈಡನ್‌ನಲ್ಲಿ ಖೋರ್ಟರ್ ಮತ್ತು ಗ್ರೆಂಡೆಲ್ ನಾಯಿ, ಕುರಿ, ಮೊಲ, ಮೇಕೆ, ಮನುಷ್ಯ ಹೀಗೆ ಹಲವು ರಕ್ತಗಳಿಂದ ಕೆಂಪುಕಣಗಳನ್ನು ಬೇರ್ಪಡಿಸಿ, ಅವುಗಳ ಲಿಪಿಡ್ಡನ್ನು ಅಸಿಟೋನಿನಲ್ಲಿ ಹಿಂಡಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ಹಿಡಿಯಿತು. ಸರಿ, ಎರಡು ಪದರ. ದಶಕಗಳ ಬಳಿಕ ಮತ್ತೆ ಲೆಕ್ಕ ಹಾಕಿದವರಿಗೆ ಕಂಡದ್ದೆಂದರೆ, ಅವರು ಎರಡು ತಪ್ಪು ಮಾಡಿದ್ದರು. ಅಸಿಟೋನ್ ಎಲ್ಲ ಲಿಪಿಡ್ಡನ್ನೂ ಎಳೆದಿರಲಿಲ್ಲ. ಒಣಗಿಸಿ ಅಳೆದ ಕಣದ ಮೇಲ್ಮೈಯೂ ನಿಜಕ್ಕಿಂತ ಕಡಿಮೆ ಬಂದಿತ್ತು. ಎರಡು ತಪ್ಪುಗಳೂ ಒಂದನ್ನೊಂದು ತಿಂದುಕೊಂಡು ಉತ್ತರ ಸರಿಯಾಗಿಯೇ ಉಳಿದಿತ್ತು. ಪರೀಕ್ಷೆಯಲ್ಲಿ ಹೀಗಾದರೆ ಮೇಷ್ಟರು ಅಂಕ ಕೊಡುತ್ತಿದ್ದರೋ ಇಲ್ಲವೋ.

ಈ ಜೋಡಿ ಪದರದ ದಪ್ಪ ಸುಮಾರು 5 ನ್ಯಾನೋಮೀಟರ್. ನಾವು ಗೋಡೆ ಎಂದುಕೊಳ್ಳುವ ಇದು ನಿಜದಲ್ಲಿ ಸಂತೆ. ಒಂದೊಂದು ಲಿಪಿಡ್ ಅಣುವೂ ಸೆಕೆಂಡಿಗೆ ಕೋಟಿ ಸಲದಷ್ಟು ಪಕ್ಕದವನೊಂದಿಗೆ ಜಾಗ ಬದಲಿಸುತ್ತದೆ. ಬ್ಯಾಕ್ಟೀರಿಯದ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು ಅದಕ್ಕೆ ಒಂದೆರಡು ಸೆಕೆಂಡು ಸಾಕು. ಆದರೆ ಹೊರಸಾಲಿನಿಂದ ಒಳಸಾಲಿಗೆ ತಾನಾಗಿ ಲಾಗ ಹಾಕುವುದು ಬಹಳ ಅಪರೂಪ, ತಿಂಗಳಿಗೊಮ್ಮೆಯೂ ಇಲ್ಲ. 1970ರಲ್ಲಿ ಅಮೆರಿಕದ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಪೊರೆಯ ಮೇಲಿನ ಪ್ರೋಟೀನುಗಳಿಗೆ ಹಸಿರು, ಕೆಂಪು ಬಣ್ಣ ಕಟ್ಟಿದರು. ಮೊದಲಿಗೆ ಅರ್ಧ ಹಸಿರು, ಅರ್ಧ ಕೆಂಪು. 37 ಡಿಗ್ರಿಯಲ್ಲಿ 40 ನಿಮಿಷ ಬಿಟ್ಟು ನೋಡಿದರೆ ಎಲ್ಲ ಬೆರೆತುಹೋಗಿದೆ. 15 ಡಿಗ್ರಿಗಿಂತ ಕೆಳಗಿಟ್ಟದ್ದರಲ್ಲಿ ಮಾತ್ರ ಬಣ್ಣಗಳು ತಂತಮ್ಮ ಪಾಲಿನಲ್ಲೇ ಉಳಿದವು. ಸಂತೆ ಚಳಿಗೆ ನಿಂತುಹೋಗಿತ್ತು.

ನಿಲ್ಲುವುದೆಂದರೆ ಒಳಗೆ ಆಗುವುದೇನು? 16 ಇಂಗಾಲದ ಎರಡು ನೆಟ್ಟನೆ ಬಾಲಗಳಿರುವ ಒಂದು ಲಿಪಿಡ್ಡನ್ನೇ ತೆಗೆದುಕೊಳ್ಳಿ. ನಮ್ಮ ಪುಪ್ಪುಸದ ಒಳಮೈಗೆ ಸವರಿಕೊಂಡಿರುವ ದ್ರವದಲ್ಲಿ ಇದೇ ಮುಖ್ಯ. 41 ಡಿಗ್ರಿಗಿಂತ ಕೆಳಗೆ ಅದರ ಪೊರೆಯಲ್ಲಿ ಬಾಲಗಳೆಲ್ಲ ಪೂರ್ತಿ ಚಾಚಿ, ಕವಾಯತಿಗೆ ನಿಂತಂತೆ ಒತ್ತಾಗಿ ನಿಲ್ಲುತ್ತವೆ. 41 ದಾಟುತ್ತಿದ್ದಂತೆ ಕವಾಯತು ಮುರಿಯುತ್ತದೆ. ಬಾಲಗಳು ಅಲ್ಲಲ್ಲಿ ತಿರುಚಿ, ಬಳುಕಿ, ಮುದುಡುತ್ತವೆ. ಮುದುಡಿದ್ದರಿಂದ ಪೊರೆ ತೆಳ್ಳಗಾಗುತ್ತದೆ, ಹೆಚ್ಚುಕಡಿಮೆ ಒಂದು ನ್ಯಾನೋಮೀಟರಿನಷ್ಟು. ಬಳುಕಿದ್ದರಿಂದ ಅಗಲಕ್ಕೆ ಹರಡುತ್ತದೆ. ಒಂದು ಅಣು ಹಿಡಿಯುವ ಜಾಗ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಲಟ್ಟಿಸಿದ ಹಿಟ್ಟಿನಂತೆ, ಎತ್ತರ ಕಳೆದುಕೊಂಡದ್ದು ಅಗಲವಾಗಿ ಬರುತ್ತದೆ. ಚಳಿಗೆ ಪೊರೆ ದಪ್ಪಗಾಗುತ್ತದೆ, ಸೆಕೆಗೆ ತೆಳ್ಳಗಾಗುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಬ್ಯಾಕ್ಟೀರಿಯ ಇದನ್ನೇ ಥರ್ಮಾಮೀಟರ್ ಮಾಡಿಕೊಳ್ಳಲಿದೆ.

ತೀರ ಗಟ್ಟಿಯಾದರೆ ಪೊರೆಯೊಳಗಿನ ಪ್ರೋಟೀನುಗಳು, ಅಂದರೆ ಸೋಡಿಯಂ-ಪೊಟ್ಯಾಷಿಯಂ ತಳ್ಳುವ ಪಂಪುಗಳು, ಸಂದೇಶ ಹಿಡಿಯುವ ಗ್ರಾಹಿಗಳು, ಕೆಸರಲ್ಲಿ ಹೂತ ಗಾಡಿಯಂತೆ ಕೈಕಾಲು ಆಡಿಸಲಾರವು. ಗಟ್ಟಿ ಭಾಗ, ಮೆತ್ತನೆ ಭಾಗ ಅಕ್ಕಪಕ್ಕ ಬಂದಲ್ಲಿ ಸೋರಿಕೆ. ತೀರ ತೆಳ್ಳಗಾದರೂ ಸೋರಿಕೆಯೇ. ಈ ಸೋರಿಕೆಯನ್ನು ನೋಡಬೇಕೆಂದರೆ ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಡಿ. ಬಾಳೆ ಸೆಕೆನಾಡಿನ ಗಿಡ. ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕಾಗದು. ಸಿಪ್ಪೆಯ ಕೋಶಗಳಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಟ್ಟಿದ್ದ ಒಗರು ವಸ್ತುಗಳೂ ಕಿಣ್ವಗಳೂ ಸೋರಿ ಬೆರೆಯುತ್ತವೆ, ಸಿಪ್ಪೆ ಕಪ್ಪಾಗುತ್ತದೆ. ಪಕ್ಕದಲ್ಲೇ ಕೂತ ಸೇಬು ಚಳಿನಾಡಿನದು, ಕೆಂಪಗೆ ನಗುತ್ತಿರುತ್ತದೆ. ಬಾಳೆಯ ಪೊರೆ ಇಡಿಯಾಗಿ ಹೆಪ್ಪುಗಟ್ಟಿತು ಎಂದು ಇದನ್ನು ವಿವರಿಸುವುದುಂಟು. ಅದು ಅತಿ ಸರಳ. ಕೆಡುವುದು ತೇಪೆ ತೇಪೆಯಾಗಿ, ಕೆಲವೇ ಬಗೆಯ ಲಿಪಿಡ್ಡುಗಳಿಂದ.

ತೀರ ಗಟ್ಟಿಯೂ ಅಲ್ಲದ, ತೀರ ತೆಳುವೂ ಅಲ್ಲದ ಸ್ಥಿತಿಗೆ ಅಡುಗೆಮನೆಯಲ್ಲಿ ಒಂದು ಮಾತಿದೆ: ಹದ. ಮೈಸೂರುಪಾಕಿನ ಪಾಕಕ್ಕೆ ಹದ, ರೊಟ್ಟಿ ಹಿಟ್ಟಿಗೆ ಹದ, ಬಿತ್ತನೆಗೆ ಮಣ್ಣಿನ ಹದ. ಹದಕ್ಕೆ ಅಳತೆಯಿಲ್ಲ, ಮಳೆಗಾಲದ ಅಕ್ಕಿಹಿಟ್ಟಿಗೂ ಬೇಸಿಗೆಯದಕ್ಕೂ ಒಂದೇ ಲೋಟ ನೀರು ಹಾಕುವವಳಿಗೆ ರೊಟ್ಟಿ ಬರುವುದಿಲ್ಲ. ನೀರು ಹೆಚ್ಚುಕಡಿಮೆ ಆಗಬೇಕು, ಹಿಟ್ಟಿನ ಹದ ಮಾತ್ರ ಅದೇ ಇರಬೇಕು. ಜೀವಕೋಶ ಮಾಡುವುದೂ ಇದನ್ನೇ. ಅದು ಕಾಯುವುದು ಸಾಮಾನಿನ ಪಟ್ಟಿಯನ್ನಲ್ಲ, ಹದವನ್ನು. 1974ರಲ್ಲಿ ಮೈಕೆಲ್ ಸಿನೆನ್ಸ್ಕಿ ಇದನ್ನು ಅಳೆದು ತೋರಿಸಿದರು. ಇ. ಕೊಲಿ ಬ್ಯಾಕ್ಟೀರಿಯವನ್ನು 15ರಿಂದ 43 ಡಿಗ್ರಿಯವರೆಗೆ ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿ, ಅವುಗಳ ಪೊರೆಯ ಲಿಪಿಡ್ ಎಷ್ಟು ಮಂದವೆಂದು ಪರೀಕ್ಷಿಸಿದರು. ಎಲ್ಲವನ್ನೂ ಒಂದೇ ಉಷ್ಣತೆಯಲ್ಲಿ ಅಳೆದರೆ ಒಂದೊಂದೂ ಬೇರೆ. ಆಯಾ ಬ್ಯಾಕ್ಟೀರಿಯವನ್ನು ಅದು ಬೆಳೆದ ಉಷ್ಣತೆಯಲ್ಲೇ ಅಳೆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಅವರು ಅದಕ್ಕೆ ಗ್ರೀಕ್, ಲ್ಯಾಟಿನ್ ಬೆರೆಸಿದ ಉದ್ದನೆ ಹೆಸರಿಟ್ಟರು. ಕನ್ನಡದಲ್ಲಾದರೆ ಹದ ಕಾಯುವುದು ಎಂದು ಮುಗಿಸಬಹುದಿತ್ತು.

ಆದರೆ ಕಣ್ಣಿಲ್ಲದ, ಕೈಯಿಲ್ಲದ ಬ್ಯಾಕ್ಟೀರಿಯ ಹದ ನೋಡುವುದು ಹೇಗೆ? ಇ. ಕೊಲಿಯ ಉಪಾಯ ಸೋಮಾರಿಯದು, ಅದಕ್ಕೇ ಚೆಂದ. ಬಾಗಿದ ಸರಪಳಿಗಳನ್ನು ಉದ್ದ ಮಾಡುವ ಅದರ ಒಂದು ಕಿಣ್ವ ಚಳಿಯಲ್ಲಿ ಚುರುಕಾಗಿ, ಸೆಕೆಯಲ್ಲಿ ಮಂಕಾಗಿ ಕೆಲಸ ಮಾಡುತ್ತದೆ. ಚಳಿ ಬಂತೆಂದು ಹೊಸ ಕಿಣ್ವ ತಯಾರಿಸಬೇಕಿಲ್ಲ, ಯಾರಿಗೂ ಸುದ್ದಿ ಮುಟ್ಟಿಸಬೇಕಿಲ್ಲ. ಇದ್ದ ಕೆಲಸಗಾರನೇ ಚಳಿಗೆ ಎದ್ದು ಕೂರುತ್ತಾನೆ, ಬಾಗಿದ ಬಾಲಗಳ ಪಾಲು ಏರುತ್ತದೆ.

ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಬ್ಟಿಲಿಸ್‌ನದು ಇನ್ನೂ ನಯವಾದ ಕಸುಬು. ಇದನ್ನು ಬಿಡಿಸಿದವರು ಅರ್ಜೆಂಟೀನಾದ ರೊಸಾರಿಯೊ ನಗರದ ದಿಯೆಗೊ ದೆ ಮೆಂಡೋಸಾ ಮತ್ತು ಜೊತೆಗಾರರು. ಈ ಬ್ಯಾಕ್ಟೀರಿಯದ ಪೊರೆಯಲ್ಲಿ ಡೆಸ್‌ಕೆ ಎಂಬ ಪ್ರೋಟೀನ್ ನಾಟಿಕೊಂಡಿದೆ. 2001ರಲ್ಲಿ ಅದು ಚಳಿಯನ್ನು ಗುರುತಿಸುತ್ತದೆ ಎಂದು ಗೊತ್ತಾಯಿತು. ಹೇಗೆ ಎಂಬುದಕ್ಕೆ 2010ರವರೆಗೆ ಕಾಯಬೇಕಾಯಿತು. ಪೊರೆಯನ್ನು ಹಾಯುವ ಅದರ ದಂಟಿನಲ್ಲಿ, ಎಣ್ಣೆ-ನೀರಿನ ಗಡಿಯ ಹತ್ತಿರ, ನೀರನ್ನು ಬಯಸುವ ಒಂದು ಪುಟ್ಟ ಗಂಟಿದೆ. ಗಾಳದ ದಾರಕ್ಕೆ ಕಟ್ಟಿದ ಬೆಂಡಿನಂತೆ ಅದು. ಬೆಚ್ಚಗಿದ್ದಾಗ ಪೊರೆ ತೆಳ್ಳಗಿರುತ್ತದೆ, ಬೆಂಡು ನೀರಿನ ಬಳಿ ಹಾಯಾಗಿ ತೇಲುತ್ತದೆ. ಚಳಿಗೆ ಪೊರೆ ದಪ್ಪವಾಗುತ್ತದೆ. ಬೆಂಡು ಎಣ್ಣೆಯೊಳಗೆ ಮುಳುಗುತ್ತದೆ, ಅದಕ್ಕೆ ಉಸಿರುಕಟ್ಟುತ್ತದೆ. ಆ ಎಳೆತಕ್ಕೆ ಪ್ರೋಟೀನಿನ ಭಂಗಿ ಬದಲಾಗಿ ಒಳಗೆ ಸಂದೇಶ ಹೋಗುತ್ತದೆ, ಡಿಸ್ಯಾಚುರೇಸ್ ಎಂಬ ಕಿಣ್ವ ತಯಾರಾಗುತ್ತದೆ. ಈ ಕಿಣ್ವ ಪೊರೆಯಲ್ಲಿ ಆಗಲೇ ನಿಂತಿರುವ ನೆಟ್ಟನೆ ಬಾಲಗಳಿಗೇ ಬಾಗು ಹಾಕುತ್ತ ಹೋಗುತ್ತದೆ. ಒಟ್ಟಿದ ಸೌದೆಯನ್ನು ಕೆಳಗಿಳಿಸದೆ, ಅಟ್ಟಿಯಲ್ಲೇ ಬಗ್ಗಿಸಿದ ಹಾಗೆ. ಸಾಕಷ್ಟು ಬಾಲಗಳು ಬಾಗಿದಾಗ ಪೊರೆ ಮತ್ತೆ ತೆಳ್ಳಗಾಗಿ ಬೆಂಡು ಮೇಲೇಳುತ್ತದೆ, ಸಂದೇಶ ನಿಲ್ಲುತ್ತದೆ. ಅದು ಅಳೆಯುತ್ತಿರುವುದು ಚಳಿಯನ್ನೇ ಅಲ್ಲ, ಚಳಿ ಕೆಡಿಸಿದ ಹದವನ್ನು. ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತವರು ಬೆಂಡಿನ ಮೇಲೆ ಇಡುವ ನಿಗಾ ಇದಕ್ಕಿಂತ ಹೆಚ್ಚಿನದೇನಲ್ಲ.

ಮೀನುಗಳದೂ ಇದೇ ಕಥೆ, ಇನ್ನಷ್ಟು ನಿಧಾನವಾಗಿ. 1978ರಲ್ಲಿ ಕಾಸಿನ್ಸ್ ಮತ್ತು ಪ್ರಾಸರ್ ಆರ್ಕ್ಟಿಕ್‌ನ ಸ್ಕಲ್ಪಿನ್, ತಣ್ಣೀರಿಗೂ ಬೆಚ್ಚನೆ ನೀರಿಗೂ ಒಗ್ಗಿಸಿದ ಬಂಗಾರದ ಮೀನು, ಮರುಭೂಮಿಯ ಬಿಸಿನೀರಿನ ಪಪ್‌ಫಿಶ್, ಕೊನೆಗೆ ಇಲಿ, ಇಷ್ಟು ಜೀವಿಗಳ ಮಿದುಳಿನ ಪೊರೆಗಳನ್ನು ಹೋಲಿಸಿದರು. ಮೈ ಎಷ್ಟು ತಂಪೋ ಪೊರೆ ಅಷ್ಟು ಸಡಿಲ, ಒಂದರ ಕೆಳಗೊಂದು ಸಾಲಾಗಿ ಬಂದವು. ಹಿಮಸಾರಂಗದ ಕಾಲಿನಲ್ಲಂತೂ ಒಂದೇ ಮೈಯಲ್ಲಿ ಈ ಸಾಲು ಕಾಣುತ್ತದೆ. ಹಿಮದಲ್ಲಿ ಹೂತಿರುವ ಗೊರಸಿನ ಹತ್ತಿರದ ಕೊಬ್ಬು ಕಡಿಮೆ ಉಷ್ಣತೆಯಲ್ಲೇ ಕರಗುವಂಥದು, ಮೇಲೆ ಹೋದಂತೆ ಗಟ್ಟಿ. ಇದನ್ನು 1957ರಲ್ಲಿ ವರದಿ ಮಾಡಿದವರಲ್ಲಿ ಅಲಾಸ್ಕಾದಲ್ಲಿ ದುಡಿದ ಲಾರೆನ್ಸ್ ಅರ್ವಿಂಗ್ ಒಬ್ಬರು.

ನಮ್ಮ ಮೈಯುಷ್ಣತೆ ಹೆಚ್ಚು ಏರಿಳಿಯುವುದಿಲ್ಲ. ಆದರೂ ನಮ್ಮ ಪೊರೆಗೊಂದು ಕಾವಲಿದೆ, ಕೊಲೆಸ್ಟರಾಲ್. ಡಾಕ್ಟರ ಚೀಟಿಯಲ್ಲಿ ಬೈಸಿಕೊಳ್ಳುವ ಇದೇ ಅಣು ಕೆಂಪು ರಕ್ತಕಣದ ಪೊರೆಯಲ್ಲಿ ಹೆಚ್ಚುಕಡಿಮೆ ಒಂದು ಲಿಪಿಡ್ಡಿಗೆ ಒಂದರಂತೆ ಕೂತಿದೆ. ಅದರ ಮೈ ಹಂಚಿನ ಚೂರಿನಂತೆ ಬಿಗಿ, ಚಪ್ಪಟೆ. ಸೆಕೆಯಲ್ಲಿ ಬಾಲಗಳ ಕುಣಿತಕ್ಕೆ ಅಡ್ಡ ಬರುತ್ತದೆ, ಚಳಿಯಲ್ಲಿ ಅವು ಒತ್ತಾಗಿ ಕೂರದಂತೆ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆ ಬೈಸಿಕೊಂಡು ಜಗಳ ಬಿಡಿಸುವವನ ಪಾಡು.

ಹದವನ್ನು ನಾವೇ ತಿದ್ದಬಹುದೇ? ಜಪಾನಿನ ನೊರಿಯೊ ಮುರಾತಾ ತಂಡ 1992ರಲ್ಲಿ ತಂಬಾಕಿನ ಗಿಡಕ್ಕೆ ಬೇರೆ ಗಿಡಗಳ ಒಂದು ಜೀನ್ ಹಾಕಿ ನೋಡಿತು. ಚಳಿಗೆ ಬಗ್ಗದ ಅರಾಬಿಡಾಪ್ಸಿಸ್ ಗಿಡದ್ದು ಹಾಕಿದಾಗ ತಂಬಾಕು ಚಳಿಯನ್ನು ಹೆಚ್ಚು ತಾಳಿತು. ಚಳಿಯಾಗದ ಕುಂಬಳ ಜಾತಿಯದ್ದು ಹಾಕಿದಾಗ ಮೊದಲಿಗಿಂತಲೂ ನಾಜೂಕಾಯಿತು. 2000ದಲ್ಲಿ ಇನ್ನೊಂದು ಜಪಾನೀ ಪ್ರಯೋಗ ಇದಕ್ಕೆ ತಿರುವುಮುರುವಾಗಿ ನಡೆಯಿತು. ಮೂರು ಬಾಗಿನ ಸರಪಳಿಗಳನ್ನು ಕಡಿಮೆ ಮಾಡಿದ ತಂಬಾಕು ಸೆಕೆಯನ್ನು ಚೆನ್ನಾಗಿ ತಡೆಯಿತು. ಪ್ರಯೋಗಾಲಯದ ಹಂಗಿಲ್ಲದೆಯೂ ಇದು ಹೊಲದಲ್ಲಿ ನಡೆಯುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಬೆಳೆವ ಸೂರ್ಯಕಾಂತಿಯ ಸಾಮಾನ್ಯ ತಳಿಗಳಲ್ಲಿ ಕಾಳು ಕಟ್ಟುವಾಗ ತಂಪಿದ್ದರೆ ಎಣ್ಣೆಯಲ್ಲಿ ಎರಡು ಬಾಗಿನ ಲಿನೊಲಿಯಿಕ್ ಹೆಚ್ಚು, ಸೆಕೆಯಿದ್ದರೆ ಒಂದು ಬಾಗಿನ ಓಲೀಕ್ ಹೆಚ್ಚು. ಪ್ಯಾಕೆಟ್ಟಿನ ಮೇಲೆ ಒಂದೇ ಹೆಸರು. ಒಳಗಿನ ಎಣ್ಣೆ ಮಾತ್ರ ಆ ವರ್ಷದ ಹವೆಯನ್ನು ಬರೆದುಕೊಂಡು ಬಂದಿರುತ್ತದೆ.

ಹೀಗೆ ಬರೆದುಕೊಂಡದ್ದು ಎಷ್ಟು ಕಾಲ ಅಳಿಯದೆ ಉಳಿಯಬಹುದು? ಇದಕ್ಕೆ ಉತ್ತರ ಬಂದದ್ದು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಂದ. ಇವುಗಳನ್ನು ಬ್ಯಾಕ್ಟೀರಿಯದಿಂದ ಬೇರೆಯೇ ಕುಲವೆಂದು 1977ರಲ್ಲಿ ಕಾರ್ಲ್ ವೂಸ್ ಗುರುತಿಸಿದರು. ಅಮೆರಿಕದ ಯೆಲ್ಲೋಸ್ಟೋನ್‌ನ ಕುದಿಯುವ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಕಂಡ ಸಲ್ಫೋಲೋಬಸ್ ಈ ಕುಲದ್ದು. ಆಮ್ಲದಂಥ ನೀರಿನಲ್ಲಿ, 75-80 ಡಿಗ್ರಿಯಲ್ಲಿ ಅದು ಸುಖವಾಗಿದೆ. ಅಷ್ಟು ಬಿಸಿಗೆ ನಮ್ಮಂಥ ಜೋಡಿಪದರ ಬಿಚ್ಚಿಕೊಂಡೀತು. ಹಾಗಾಗಿ ಅದರ ಎರಡು ಸಾಲುಗಳ ಬಾಲಗಳು ನಡುವೆ ಬೆಸೆದುಕೊಂಡು ಒಂದೇ ಆಗಿವೆ: ಒಂದೇ ಅಣು, ಎರಡು ತುದಿಗೂ ತಲೆ, ಪೊರೆಯನ್ನು ಈಚೆಯಿಂದ ಆಚೆಗೆ ಹಾಯ್ದು ನಿಂತ ತೊಲೆ. ಬಾಗು ಹಾಕುವ ಪದ್ಧತಿಯೂ ಇಲ್ಲಿಲ್ಲ. ಹದ ತಿದ್ದಲು ಇವು ಬಾಲದಲ್ಲಿ ಐದಿಂಗಾಲದ ಪುಟ್ಟ ಉಂಗುರಗಳನ್ನು ಕಟ್ಟುತ್ತವೆ. ಸೆಕೆ ಹೆಚ್ಚಿದಷ್ಟೂ ಉಂಗುರ ಹೆಚ್ಚು, ಪೊರೆ ಬಿಗಿ.

ಈ ಕುಲದವು ಬಿಸಿಬುಗ್ಗೆಯಲ್ಲಷ್ಟೇ ಅಲ್ಲ, ತಣ್ಣನೆ ಸಮುದ್ರದಲ್ಲೂ ಲೆಕ್ಕವಿಲ್ಲದಷ್ಟಿವೆ. ಸತ್ತ ಮೇಲೆ ಕಡಲತಳದ ಕೆಸರಿಗೆ ಬೀಳುತ್ತವೆ. ಕೋಶ ಕೊಳೆಯುತ್ತದೆ, ಗಟ್ಟಿಮುಟ್ಟಾದ ಆ ತೊಲೆಗಳು ಕೊಳೆಯುವುದಿಲ್ಲ. 2002ರಲ್ಲಿ ನೆದರ್ಲೆಂಡಿನ ಟೆಕ್ಸೆಲ್ ದ್ವೀಪದ ಸಮುದ್ರ ಸಂಶೋಧನಾ ಸಂಸ್ಥೆಯವರು, ಕೆಸರಿನ ತೊಲೆಗಳಲ್ಲಿ ಉಂಗುರ ಎಣಿಸಿದರೆ ಆ ಜೀವಿ ಬದುಕಿದ್ದಾಗ ಕಡಲಿನ ನೀರು ಎಷ್ಟು ಬೆಚ್ಚಗಿತ್ತೆಂದು ಅಂದಾಜು ಹಾಕಬಹುದು ಎಂದು ತೋರಿಸಿದರು. ಎರಡು ವರ್ಷದ ನಂತರ ಐಸ್ ಒಡೆಯುವ ಹಡಗುಗಳು ಉತ್ತರ ಧ್ರುವದ ಬಳಿ ಲೊಮೊನೊಸೊವ್ ಎಂಬ ಮುಳುಗಿದ ಬೆಟ್ಟಸಾಲಿನ ಮೇಲೆ ನಿಂತು, ಕಡಲತಳಕ್ಕೆ 400 ಮೀಟರಿಗೂ ಆಳಕ್ಕೆ ಕೊರೆದು ಕೆಸರಿನ ಕಂಬಗಳನ್ನು ಎತ್ತಿದವು. ಅದರಲ್ಲಿ ಸುಮಾರು 5.5 ಕೋಟಿ ವರ್ಷ ಹಿಂದಿನ ಪದರವಿತ್ತು, ಭೂಮಿ ಹಠಾತ್ತನೆ ಕಾದ ಕಾಲದ್ದು. ಉಂಗುರ ಎಣಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅಲ್ಲಿನ ನೀರು 18 ಡಿಗ್ರಿಯಿಂದ 23ರ ಮೇಲಕ್ಕೆ ಏರಿತ್ತು. ಅಜ್ಜಿಯ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಅಲ್ಲಿ, ಧ್ರುವದ ಕಡಲಲ್ಲಿ ತೇಲಿಬಿಟ್ಟಿದ್ದರೆ ಅದು ಅಂಚಿನಿಂದ ಕರಗತೊಡಗುತ್ತಿತ್ತು.